ಅಪ್ಪನ ಉತಾರದಲ್ಲಿ ಅಕ್ಕನ ಹೆಸರೆಲ್ಲಿ?



ಅಂಗಡಿಯ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ನಿಮಗೆ ಸಿಟ್ಟು ಬರುತ್ತದೆ. ಬ್ಯಾಂಕಿನ ಚಲನ್ ಹಿಂದಿಯಲ್ಲಿದ್ದರೆ ಕೌಂಟರಿನ ಮುಂದೆ ನಿಂತು ಜಗಳ ತೆಗೆಯುತ್ತೀರಿ. ತೆಗೆಯಲೇಬೇಕು. ಆದರೆ ಇವತ್ತು ನಿಮ್ಮ ಮುಂದೆ ಇಡುತ್ತಿರುವುದು ಅಪ್ಪಟ ಕನ್ನಡದಲ್ಲೇ ಇರುವ ಒಂದು ಕಾಗದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಯಾವ ಹಳ್ಳಿಗೆ ಹೋದರೂ ಮನೆಯ ಯಜಮಾನ ತೀರಿಕೊಂಡ ಕೆಲವು ದಿನಕ್ಕೆ ಈ ಕಾಗದ ಹುಟ್ಟುತ್ತದೆ. ಗಂಡುಮಕ್ಕಳ ಹೆಸರಿಗೆ ವಾರಸಾ ಹಚ್ಚಲು ನಮ್ಮದೇನೂ ತಕರಾರಿಲ್ಲ ಎಂಬುದು ಅದರ ಒಕ್ಕಣೆ. ಕೆಳಗೆ ಹೆಣ್ಣುಮಕ್ಕಳ ಸಹಿ. ಸಹಿ ಬಾರದಿದ್ದರೆ ಹೆಬ್ಬೆಟ್ಟು.

"ಇಲ್ಲೊಂದು ಸಹಿ ಮಾಡ ಬೇ ಅಕ್ಕಾ, ಉತಾರದಾಗ ಹೆಸರು ಹಚ್ಚಬೇಕಾಗೇದ" ಎನ್ನುತ್ತಾನೆ ತಮ್ಮ. ಅಕ್ಕ ಮಾಡುತ್ತಾಳೆ. ಏನು ಬರೆದಿದೆ ಎಂದು ಅವಳು ಕೇಳುವುದಿಲ್ಲ, ಅವನು ಓದಿ ಹೇಳುವುದೂ ಇಲ್ಲ. ಅಳುವ ಮನೆಯಲ್ಲಿ ಯಾರು ಕಾಗದ ಓದುತ್ತಾರೆ? ಆ ತಮ್ಮ ಯಾರೋ ಊರ ಗೌಡನ ಮಗನೇ ಆಗಬೇಕಿಲ್ಲ. ಪೀಣ್ಯದಲ್ಲಿ ಶಿಫ್ಟು ಮಾಡುವ, ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ, ಪುಣೆಯಲ್ಲಿ ಗಾರೆ ಕೆಲಸಕ್ಕೆ ಹೋದ, ನವೆಂಬರ್ ಒಂದಕ್ಕೆ ಕೆಂಪು-ಹಳದಿ ಶಾಲು ಹೊದೆಯುವ ನೀವೇ ಆಗಿರಬಹುದು.

ನಮ್ಮ ಕಡೆ ಮೃತ್ಯುಪತ್ರ ಬರೆದಿಟ್ಟು ಸಾಯುವವರು ಕಡಿಮೆ. ಮೈಸೂರು ಕಡೆಯವರು ಉಯಿಲು ಎನ್ನುವುದನ್ನು ನಾವು ಮೃತ್ಯುಪತ್ರ ಎನ್ನುತ್ತೇವೆ. ಹೆಸರಿನಲ್ಲೇ ಸಾವಿದೆ. ಅದನ್ನು ಬರೆದರೆ ಯಮನಿಗೆ ಕಾಗದ ಹಾಕಿದಂತೆ ಎಂದು ಮುದುಕರು ಮುಖ ತಿರುಗಿಸುತ್ತಾರೆ. ಇರಲಿ. ಬರೆಯದೇ ಸತ್ತರೆ ಆಸ್ತಿ ಯಾರಿಗೆ ಎಷ್ಟು ಎಂಬುದನ್ನು ಕಾನೂನು ಆಗಲೇ ಬರೆದಿಟ್ಟಿದೆ. ಅದನ್ನು ತಲಾಟಿ ತೀರ್ಮಾನಿಸಲಾರ, ಊರ ಹಿರಿಯರೂ ತೀರ್ಮಾನಿಸಲಾರರು. ಹಿರಿಯಣ್ಣನಂತೂ ಅಲ್ಲವೇ ಅಲ್ಲ.

ಈ ಕಾನೂನಿನ ಬೇರು ಎಲ್ಲಿದೆ ಗೊತ್ತೇ? ನಮ್ಮಲ್ಲೇ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಎಂಬ ಗ್ರಂಥವೇ ಬಂಗಾಳದ ಕಡೆ ಬಿಟ್ಟು ಹೆಚ್ಚುಕಡಿಮೆ ಇಡೀ ಭಾರತದ ಹಿಂದೂ ಕುಟುಂಬಗಳ ಪಾಲಿನ ಕಾನೂನಾಯಿತು. ಕನ್ನಡ ಅರಸನ ರಾಜಧಾನಿಯಲ್ಲಿ ಹುಟ್ಟಿದರೂ ಅದು ಹುಟ್ಟಿದ್ದು ಸಂಸ್ಕೃತದಲ್ಲಿ. 1810ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷಿನವನು ಅದರ ದಾಯಭಾಗವನ್ನು ಇಂಗ್ಲಿಷಿಗೆ ತಂದ, ಬ್ರಿಟಿಷ್ ಕೋರ್ಟುಗಳು ಅದನ್ನೇ ಹಿಡಿದವು. ಸಂಸ್ಕೃತದಿಂದ ನೇರ ಇಂಗ್ಲಿಷಿಗೆ! ನಡುವೆ ಕೂತಿದ್ದ ಕನ್ನಡತಿಯನ್ನು ಯಾರೂ ಕೇಳಲಿಲ್ಲ. ಹುಟ್ಟಿದ ಕೂಡಲೇ ಮಗ ಪಾಲುದಾರ, ಮಗಳು ಪರರ ಮನೆಯ ದೀಪ ಎಂಬುದು ಆ ಕಾನೂನಿನ ತಿರುಳು.

ಮೈಸೂರು ಸಂಸ್ಥಾನ 1933ರಲ್ಲೇ ಹೆಣ್ಣುಮಕ್ಕಳ ಹಕ್ಕಿಗೆ ಒಂದು ಕಾಯ್ದೆ ಮಾಡಿತು. ಬಿಜಾಪುರ ಆಗ ಮುಂಬಯಿ ಪ್ರಾಂತದಲ್ಲಿತ್ತು, ಆ ಕಾಯ್ದೆ ನಮ್ಮ ಅಜ್ಜಿಯರಿಗೆ ತಾಕಲಿಲ್ಲ. ಕನ್ನಡ ನಾಡು ಹರಿದು ಹಂಚಿಹೋಗಿದ್ದಕ್ಕೆ ಹೆಣ್ಣುಮಕ್ಕಳು ಕೊಟ್ಟ ಈ ಬೆಲೆಯ ಮಾತು ಏಕೀಕರಣದ ಭಾಷಣಗಳಲ್ಲಿ ಬರುವುದೇ ಇಲ್ಲ. 1956ರ ಜೂನ್ 17ಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂತು, ನವೆಂಬರ್ ಒಂದಕ್ಕೆ ಬಿಜಾಪುರ ಕನ್ನಡ ರಾಜ್ಯಕ್ಕೆ ಸೇರಿತು. ಕಾಯ್ದೆಯ ಎರಡನೆಯ ಕಲಮಿನಲ್ಲೇ ವೀರಶೈವ, ಲಿಂಗಾಯತ ಎಂಬ ಹೆಸರುಗಳಿವೆ. ಧರ್ಮದ ಚರ್ಚೆ ಏನೇ ಇರಲಿ, ಪಾಲಿನ ಲೆಕ್ಕ ಈ ಕಾಯ್ದೆಯದೇ.

ಆ ಕಾಯ್ದೆ ಮಗಳಿಗೆ ಕೊಟ್ಟದ್ದೆಷ್ಟು? ಇಂಡಿಯಿಂದ ಗಡಿ ದಾಟಿದರೆ ಬಹಳ ದೂರವಿಲ್ಲದ ಸಾಂಗಲಿಯ ಮೊಕದ್ದಮೆಯೊಂದನ್ನು ನೋಡಿ. ಖಂಡಪ್ಪ ಮಗದುಮ್ ಎಂಬುವರು 1960ರಲ್ಲಿ ತೀರಿಕೊಂಡರು. ಹೆಂಡತಿ ಹೀರಾಬಾಯಿ, ಗುರುಪಾದ, ಶಿವಪಾದ ಎಂಬ ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಹೆಸರು ಕೇಳಿದರೇ ಗೊತ್ತಾಗುತ್ತದೆ ಯಾವ ನುಡಿಯ ನೆಲದ ಜನ ಎಂದು. 1962ರಲ್ಲಿ ಆ ತಾಯಿ ತನ್ನ ಪಾಲಿಗಾಗಿ ಕೋರ್ಟಿಗೆ ಹೋದಳು. 1978ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಳು. ಇವತ್ತಿಗೂ ದೇಶದ ಕಾನೂನು ಕಾಲೇಜುಗಳಲ್ಲಿ ಓದಿಸುವ ಮೊಕದ್ದಮೆ ಇದು.

ಲೆಕ್ಕ ತಿಳಿಯಲಿಕ್ಕೆ ಆ ಹೊಲ 24 ಎಕರೆ ಎಂದುಕೊಳ್ಳಿ. ಅಪ್ಪ ಸಾಯುವ ಮುಂಚಿನ ಕ್ಷಣದಲ್ಲಿ ವಾಟ್ನಿ ಆಗಿತ್ತು ಎಂದು ಭಾವಿಸಬೇಕು. ಅಪ್ಪ, ಅವ್ವ, ಇಬ್ಬರು ಗಂಡುಮಕ್ಕಳು, ತಲಾ 6 ಎಕರೆ. ಹೆಣ್ಣುಮಕ್ಕಳು ಈ ಪಂಕ್ತಿಯಲ್ಲಿ ಇಲ್ಲವೇ ಇಲ್ಲ. ಆಮೇಲೆ ಅಪ್ಪನ 6 ಎಕರೆಯನ್ನು ಹೆಂಡತಿಗೂ ಐದು ಮಕ್ಕಳಿಗೂ ಹಂಚಬೇಕು, ತಲಾ ಒಂದೆಕರೆ. ಕೊನೆಗೆ ಅಣ್ಣನಿಗೆ 7, ತಮ್ಮನಿಗೆ 7, ಅವ್ವನಿಗೆ 7. ಅಕ್ಕತಂಗಿಯರಿಗೆ ಒಂದೊಂದೇ ಎಕರೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿ ಏಳಕ್ಕೆ ಒಂದು! ಅದಾದರೂ ಸಿಕ್ಕಿತೇ? ಆ ಒಂದೆಕರೆಯನ್ನೂ ಅರಿಷಿಣ-ಕುಂಕುಮದ ಮಾತು ಹೇಳಿ ತಮ್ಮ ಹೆಸರಿಗೇ ಇಟ್ಟುಕೊಂಡ ಅಣ್ಣಂದಿರು ನಮ್ಮಲ್ಲಿ ಎಷ್ಟಿಲ್ಲ!

ಕರ್ನಾಟಕ ಸರ್ಕಾರ 1994ರ ಜುಲೈ 30ರಿಂದ ಮಗಳನ್ನೂ ಮಗನ ಹಾಗೆ ಹುಟ್ಟು ಪಾಲುದಾರಳನ್ನಾಗಿ ಮಾಡಿತು. ದಿಲ್ಲಿಗಿಂತ ಹನ್ನೊಂದು ವರ್ಷ ಮುಂಚೆ. ಹೆಮ್ಮೆಪಡೋಣ ಎಂದರೆ ಅದರಲ್ಲಿ ಒಂದು ತೂತು ಇತ್ತು: ಆ ದಿನಕ್ಕಿಂತ ಮುಂಚೆ ಮದುವೆಯಾದವಳಿಗೆ ಇದು ಅನ್ವಯಿಸುವುದಿಲ್ಲ. ಹದಿನಾರು ಹದಿನೆಂಟಕ್ಕೆ ಮದುವೆ ಮಾಡಿ ಮುಗಿಸುತ್ತಿದ್ದ ನಮ್ಮ ತಾಲೂಕುಗಳಲ್ಲಿ ಆ ತೂತಿನಲ್ಲಿ ಸೋರಿಹೋದವರೇ ಹೆಚ್ಚು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ತೂತನ್ನು ಮುಚ್ಚಿತು. ಮದುವೆಯಾಗಿರಲಿ ಬಿಡಲಿ, ಮಗಳು ಮಗನಷ್ಟೇ ಪಾಲುದಾರಳು. ಅಪ್ಪನ ಮನೆಯನ್ನು ಪಾಲು ಮಾಡಿ ಎಂದು ಮಗಳು ಕೇಳುವಂತಿಲ್ಲ ಎಂದಿದ್ದ ಹಳೆಯ ಕಲಮೂ ಅವತ್ತೇ ಹೋಯಿತು.

ಅಷ್ಟಕ್ಕೆ ಮುಗಿಯಲಿಲ್ಲ. ಬೆಳಗಾವಿಯ ಫುಲಾವತಿ 1992ರಲ್ಲಿ ಹಾಕಿದ ದಾವೆ 2015ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, 2005ರ ಆ ದಿನ ಅಪ್ಪ ಬದುಕಿರಬೇಕಿತ್ತು ಎಂದು ತೀರ್ಪಾಯಿತು. 1988ರಲ್ಲೇ ಸತ್ತ ಅಪ್ಪನನ್ನು ಅವಳು ಎಲ್ಲಿಂದ ಎಬ್ಬಿಸಿ ತರಬೇಕು? ಆಮೇಲೆ ಕರ್ನಾಟಕದ್ದೇ ಇನ್ನೊಂದು ಮೊಕದ್ದಮೆ, ದಾನಮ್ಮನದು. ದಾನಮ್ಮ ಎಂದು ಸಿಂದಗಿಯ ಓಣಿಯಲ್ಲಿ ನಿಂತು ಕೂಗಿದರೆ ನಾಲ್ಕು ಮನೆಯಿಂದ "ಓ" ಎನ್ನುತ್ತಾರೆ, ಅಷ್ಟು ನಮ್ಮ ಕಡೆಯ ಹೆಸರು. ಅವರ ತಂದೆ ತೀರಿಕೊಂಡದ್ದು 2001ರಲ್ಲಿ. ಕಾಯ್ದೆ ಬರುವ ಮೊದಲೇ ಹುಟ್ಟಿದವರು, ಪಾಲಿಲ್ಲ ಎಂದು ಕೆಳಗಿನ ಕೋರ್ಟು ಹೇಳಿತು, ಹೈಕೋರ್ಟೂ ಹೌದೆಂದಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇಬ್ಬರು ಹೆಣ್ಣುಮಕ್ಕಳಿಗೂ ಐದನೆಯ ಒಂದೊಂದು ಪಾಲು ಕೊಟ್ಟಿತು. ಎರಡು ತೀರ್ಪುಗಳ ನಡುವಿನ ಗೊಂದಲವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಬಗೆಹರಿಸಿತು. ಹಕ್ಕು ಹುಟ್ಟಿನಿಂದಲೇ ಬರುವುದು, ಅಪ್ಪ ಯಾವಾಗ ಸತ್ತ ಎಂಬುದು ಮುಖ್ಯವಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಾಟ್ನಿ ಅಥವಾ ಮಾರಾಟವನ್ನು ಮಾತ್ರ ಕೆದಕುವಂತಿಲ್ಲ. "ಬಾಯಿಮಾತಿನ ವಾಟ್ನಿ ಅವಾಗೇ ಆಗೇದ" ಎಂಬ ಅಣ್ಣಂದಿರ ಹಳೆಯ ರಾಗವನ್ನು ಸರ್ಕಾರಿ ದಾಖಲೆಯಂಥ ಗಟ್ಟಿ ಪುರಾವೆ ಇಲ್ಲದೆ ಒಪ್ಪಬಾರದು ಎಂದೂ ಆ ಪೀಠ ಹೇಳಿದೆ.

ಈಗ ಆ 24 ಎಕರೆಯ ಲೆಕ್ಕವನ್ನು ಮತ್ತೆ ಹಾಕಿ. ಅವ್ವನಿಗೂ ಐದೂ ಮಕ್ಕಳಿಗೂ ಸಮ. ತಲಾ 4 ಎಕರೆ. ಒಂದಿದ್ದದ್ದು ನಾಲ್ಕಾಗಿದೆ. ಕಾನೂನು ಇಷ್ಟು ದೂರ ಬಂದಿದ್ದು ನಮ್ಮ ಕಡೆಯ ಹೆಂಗಸರು ಕೋರ್ಟಿನ ಮೆಟ್ಟಿಲು ಸವೆಸಿದ್ದರಿಂದ. ಆದರೆ ಆ ತೀರ್ಪುಗಳೆಲ್ಲ ಯಾವ ಭಾಷೆಯಲ್ಲಿವೆ? ಇಂಗ್ಲಿಷಿನಲ್ಲಿ. ಸಂವಿಧಾನದ 348ನೆಯ ವಿಧಿ ಹೈಕೋರ್ಟಿನ ಭಾಷೆ ಇಂಗ್ಲಿಷ್ ಎನ್ನುತ್ತದೆ. ರಾಜ್ಯಪಾಲರು ರಾಷ್ಟ್ರಪತಿಯ ಒಪ್ಪಿಗೆ ಪಡೆದರೆ ರಾಜ್ಯದ ಭಾಷೆಯಲ್ಲೂ ಕಲಾಪ ನಡೆಸಬಹುದು ಎಂದು ಅದೇ ವಿಧಿಯಲ್ಲಿದೆ. ಹಿಂದಿಗೆ ಆ ಭಾಗ್ಯ ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಸಿಕ್ಕಿದೆ. ಕನ್ನಡಕ್ಕೆ ಸಿಕ್ಕಿಲ್ಲ. ಮುದ್ದೇಬಿಹಾಳದ ಕೋರ್ಟಿನಲ್ಲಿ ಕನ್ನಡದಲ್ಲಿ ಸಾಕ್ಷಿ ನುಡಿದ ಹೆಣ್ಣುಮಗಳು ಅಪೀಲಿಗೆಂದು ಕಲಬುರಗಿ ಪೀಠಕ್ಕೆ ಹೋದರೆ ಅಲ್ಲಿ ತನ್ನ ಹೊಲದ ಬಗ್ಗೆ ಏನು ಮಾತಾಡುತ್ತಿದ್ದಾರೆ ಎಂದೇ ತಿಳಿಯದೆ ಬೆಂಚಿನ ಮೇಲೆ ಕೂತಿರಬೇಕು. 2019ರಿಂದ ಸುಪ್ರೀಂ ಕೋರ್ಟು ಕೆಲವು ತೀರ್ಪುಗಳ ಕನ್ನಡ ಅನುವಾದ ಕೊಡುತ್ತಿದೆ. ಒಳ್ಳೆಯ ಕೆಲಸ. ಆದರೆ ಅದು ಕಂಪ್ಯೂಟರಿನಲ್ಲಿ ಕೂತಿದೆ, ತಲಾಟಿಯ ಚಾವಡಿಗೆ ಬಂದಿಲ್ಲ.

ಇಲ್ಲಿ ಇನ್ನೊಂದು ಮಾತು. ವಾರಸಾ, ಉತಾರ, ವಾಟ್ನಿ, ತಕರಾರು, ಕಬ್ಜಾ, ಇವು ಅರಬ್ಬಿ-ಫಾರಸಿಯಿಂದಲೋ ಮರಾಠಿಯಿಂದಲೋ ಬಂದವು, ತೆಗೆದುಹಾಕಿ ಎನ್ನುವ ಪಂಡಿತರಿದ್ದಾರೆ. ಮೈಸೂರಿನವರ ಪೌತಿ ಮಾತ್ರ ಎಲ್ಲಿಂದ ಬಂತು? ಅದೂ ಫಾರಸಿಯ ದಾರಿಯಲ್ಲೇ ಬಂದದ್ದು. ಬಿಜಾಪುರದ ಮುದುಕಿಗೂ ತಿಳಿಯುವ ಮಾತು ಕನ್ನಡವೇ. ಅದನ್ನು ಕಿತ್ತು ಸಹದಾಯಾದಿತ್ವ, ಪರಿತ್ಯಾಗ ಪತ್ರ ಎಂಬ ಕಲ್ಲುಗಳನ್ನು ಇಟ್ಟರೆ ಅಕ್ಕನ ಪಾಲಿಗೆ ಅದೂ ಒಂದು ಇಂಗ್ಲಿಷೇ.

ಈಗ ಗಂಡುಮಕ್ಕಳ ವಾದಕ್ಕೆ ಬರೋಣ. ಮದುವೆಗೆ ಖರ್ಚು ಮಾಡಿದ್ದೇವೆ, ಬಂಗಾರ ಕೊಟ್ಟಿದ್ದೇವೆ ಎನ್ನುತ್ತಾರೆ. ನಿಮ್ಮ ಮದುವೆಗೂ ಅಪ್ಪ ಖರ್ಚು ಮಾಡಿದ, ಬಿ.ಇ. ಓದಿಸಲು ಹೊಲ ಒತ್ತೆ ಇಟ್ಟ, ಅದನ್ನು ಯಾರು ಲೆಕ್ಕ ಹಿಡಿದರು? ಎರಡನೆಯದು, ಹೊಲ ಪರರ ಪಾಲಾಗುತ್ತದೆ ಎಂಬ ಹೆದರಿಕೆ. ಇದರಲ್ಲಿ ಹುರುಳಿದೆ, ಹೊಲ ಎಂದರೆ ಬರೀ ಮಣ್ಣಲ್ಲ. ಅದಕ್ಕೇ ಕಾಯ್ದೆಯ 22ನೆಯ ಕಲಮು ಇದೆ. ವಾರಸುದಾರರಲ್ಲಿ ಒಬ್ಬರು ತಮಗೆ ಬಂದ ಪಾಲು ಮಾರಲು ಹೊರಟರೆ ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರದು. ಅದು ಬೇಸಾಯದ ಭೂಮಿಗೂ ಅನ್ವಯಿಸುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಕ್ಕನಿಗೆ ಸರಿಯಾದ ದರ ಕೊಟ್ಟು ಕೊಳ್ಳಿ, ಯಾರು ಬೇಡ ಎನ್ನುತ್ತಾರೆ? ದರ ಕೊಡುವ ಮನಸ್ಸಿಲ್ಲ ಎಂಬುದೇ ಅಸಲು ಮಾತು.

ಮೂರನೆಯ ವಾದವೇ ಎಲ್ಲಕ್ಕಿಂತ ಹರಿತ. "ಪಾಲು ಬೇಕೋ, ತವರು ಬೇಕೋ?" ಪಂಚಮಿಗೆ ಕರೆಯಲು ಅಣ್ಣ ಬರಬೇಕು, ಹೆರಿಗೆಗೆ ತವರಿನ ಬಾಗಿಲು ತೆರೆದಿರಬೇಕು, ಗಂಡ ಹೊಡೆದು ಹೊರಗೆ ಹಾಕಿದ ರಾತ್ರಿ ಹೋಗಿ ನಿಲ್ಲಲು ಒಂದು ಕಟ್ಟೆ ಬೇಕು. ಒಂದು ಇಳಕಲ್ಲ ಸೀರೆ, ಒಂದು ಖಣದ ಕುಬಸ, ಒಂದು ಉಡಿ ಅಕ್ಕಿ. ಇದಕ್ಕೆ ಬದಲು ನಾಲ್ಕು ಎಕರೆ ಎರಿ ಹೊಲ! ಇಷ್ಟು ಲಾಭದ ವ್ಯಾಪಾರವನ್ನು ಯಾವ ಮಾರವಾಡಿಯೂ ಮಾಡಿಲ್ಲ, ಬೈಯುವುದು ಮಾತ್ರ ಮಾರವಾಡಿಯನ್ನು. ಉಪನಯನ ನನಗಷ್ಟೇ ಏಕೆ, ಅಕ್ಕನಿಗೇಕಿಲ್ಲ ಎಂದು ಕೇಳಿ ಮನೆ ಬಿಟ್ಟು ನಡೆದ ಹುಡುಗನ ಕಥೆಯನ್ನು ಕೇಳುತ್ತ ಬೆಳೆದ ಊರು ಬಸವನ ಬಾಗೇವಾಡಿ. ಆ ತಾಲೂಕಿನ ಉತಾರಗಳನ್ನು ತೆಗೆದು ನೋಡಿ, ಎಷ್ಟು ಅಕ್ಕಂದಿರ ಹೆಸರು ಕಾಣುತ್ತದೆ?

ಇಷ್ಟು ಜೋರಾಗಿ ಬರೆಯುವುದಕ್ಕೆ ಕಾರಣವಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಕೃಷ್ಣಾ ಮೇಲ್ದಂಡೆ ಮೂರನೆಯ ಹಂತದಲ್ಲಿ ಮುಳುಗುವ ಭೂಮಿಗೆ ದರ ನಿಗದಿ ಮಾಡಿತು. ಆಲಮಟ್ಟಿಯ ನೀರು 519.6 ಮೀಟರಿನಿಂದ 524.256ಕ್ಕೆ ಏರಿದರೆ ಮುಳುಗುವ ಹೊಲಗಳಿವು. ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ. ಕಾಲುವೆಗೆ ಹೋಗುವ ಭೂಮಿಗೆ ಬೇರೆ ದರ. ಆ ಅಕ್ಕನ ನಾಲ್ಕು ಎಕರೆ ಒಣಭೂಮಿ ಎಂದರೆ 1 ಕೋಟಿ 20 ಲಕ್ಷ ರೂಪಾಯಿ! ಪರಿಹಾರದ ನೋಟೀಸು ಹೋಗುವುದು ಉತಾರದಲ್ಲಿ ಹೆಸರಿದ್ದವರಿಗೆ. ಹೆಸರಿಲ್ಲದ ಅಕ್ಕನಿಗೆ ಸುದ್ದಿ ಮುಟ್ಟುವುದು ಹಣ ಖರ್ಚಾದ ಮೇಲೆ. ಉತಾರದಲ್ಲಿ ಸತ್ತ ಅಜ್ಜನ ಹೆಸರೇ ಇದ್ದರಂತೂ ಹತ್ತು ಕಡೆಯಿಂದ ತಕರಾರು ಎದ್ದು ದುಡ್ಡು ವರ್ಷಗಟ್ಟಲೆ ಕೊಳೆಯುತ್ತದೆ. ರಾಜ್ಯದಲ್ಲಿ ಲಕ್ಷಗಟ್ಟಲೆ ಜಮೀನು ಇನ್ನೂ ಸತ್ತವರ ಹೆಸರಿನಲ್ಲಿದೆ ಎಂದು ಕಂದಾಯ ಇಲಾಖೆಯೇ ಇ-ಪೌತಿ ಆಂದೋಲನ ಹೂಡಿದೆ. ಆಂದೋಲನದ ಅವಸರದಲ್ಲಿ ಮತ್ತೆ ಗಂಡುಮಕ್ಕಳ ಹೆಸರಷ್ಟೇ ಏರಿದರೆ ಹಳೆಯ ಅನ್ಯಾಯಕ್ಕೆ ಹೊಸ ಕಂಪ್ಯೂಟರಿನ ಮುದ್ರೆ ಬಿದ್ದಂತೆ.

ಬರೀ ಹೊಲದ ಮಾತಾಯಿತು. ಪಟ್ಟಣದಲ್ಲಿರುವ ನಿಮ್ಮ ಸಂಬಳದ ಮಾತೂ ಇದೆ. ಮದುವೆಯಾಗದ ಹಿಂದೂ ಹುಡುಗ ಮೃತ್ಯುಪತ್ರವಿಲ್ಲದೆ ಸತ್ತರೆ ಅವನ ಸೈಟು, ಬ್ಯಾಂಕಿನ ಹಣ ಎಲ್ಲ ಅವ್ವನಿಗೆ. ಅಪ್ಪ ಎರಡನೆಯ ವರ್ಗದ ವಾರಸುದಾರ, ಅವ್ವ ಇರುವಾಗ ಅವನಿಗೆ ಇಲ್ಲ. ಮದುವೆಯಾಗಿದ್ದರೆ ಹೆಂಡತಿ, ಮಕ್ಕಳು, ಅವ್ವ, ಎಲ್ಲರಿಗೂ ಸಮಪಾಲು. ಊರಲ್ಲಿರುವ ಅವ್ವನಿಗೆ ಸೊಸೆಯಷ್ಟೇ ಪಾಲಿದೆ ಎಂಬುದು ಎಷ್ಟು ಅವ್ವಂದಿರಿಗೆ ಗೊತ್ತು? ಬ್ಯಾಂಕಿನಲ್ಲಿ ನಾಮಿನಿ ಹಾಕಿದ್ದೇನೆ, ಮುಗಿಯಿತು ಎಂದುಕೊಳ್ಳಬೇಡಿ. ನಾಮಿನಿ ಹಣ ಎತ್ತಿಕೊಳ್ಳುವವನು, ಒಡೆಯನಲ್ಲ. ಶೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟು 2023ರಲ್ಲಿ ಇದನ್ನೇ ಹೇಳಿತು. ಜೀವವಿಮೆಯಲ್ಲಿ ಮಾತ್ರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದೇ ಎನ್ನುತ್ತದೆ 2015ರ ತಿದ್ದುಪಡಿ.

ಮುಸಲ್ಮಾನ ಗೆಳೆಯರ ಲೆಕ್ಕ ಬೇರೆ. ಮಕ್ಕಳಿದ್ದರೆ ವಿಧವೆಗೆ ಎಂಟನೆಯ ಒಂದು ಪಾಲು, ಮಗನ ಅರ್ಧದಷ್ಟು ಮಗಳಿಗೆ. ಇಂಡಿ-ಸಿಂದಗಿಯಲ್ಲಿ ಆ ಅರ್ಧವನ್ನೂ ತಂಗಿಯಿಂದ ಬರೆಸಿಕೊಳ್ಳುವ ಅಣ್ಣಂದಿರಿದ್ದಾರೆ. ಈ ಒಂದು ವಿಷಯದಲ್ಲಿ ಎರಡೂ ಕೋಮಿನ ಗಂಡಸರ ಐಕ್ಯವನ್ನು ಮೆಚ್ಚಬೇಕು.

ಪಟ್ಟಣದಲ್ಲಿ ದುಡಿಯುವ ಹೆಣ್ಣುಮಕ್ಕಳೇ, ನಿಮಗೆ ಬೇರೆಯಾಗಿ ಒಂದು ಮಾತು. ಹಿಂದೂ ಹೆಂಗಸು ಮೃತ್ಯುಪತ್ರವಿಲ್ಲದೆ ಸತ್ತರೆ, ಗಂಡನೂ ಮಕ್ಕಳೂ ಇಲ್ಲದಿದ್ದರೆ, ಅವಳು ಸ್ವಂತ ದುಡಿದ ಆಸ್ತಿ ಹೋಗುವುದು ಗಂಡನ ಕಡೆಯವರಿಗೆ. ಹೆತ್ತವರ ಸರದಿ ಅವರ ನಂತರ! 1955ರಲ್ಲಿ ಮದುವೆಯಾಗಿ ಮೂರು ತಿಂಗಳಿಗೆ ವಿಧವೆಯಾದ ನಾರಾಯಣಿ ದೇವಿ ಎಂಬಾಕೆಯನ್ನು ಗಂಡನ ಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು, ಆಕೆ ನೌಕರಿ ಮಾಡಿ ಹಣ ಕೂಡಿಟ್ಟಳು. 1996ರಲ್ಲಿ ಸತ್ತಾಗ ಆ ಹಣಕ್ಕೆ ಅದೇ ಗಂಡನ ಕಡೆಯವರು ಬಂದರು. 2009ರಲ್ಲಿ ಸುಪ್ರೀಂ ಕೋರ್ಟು ಕಾನೂನು ಹೀಗೇ ಇದೆ ಎಂದು ಅವರಿಗೇ ಕೊಟ್ಟಿತು. ಆ ಕಲಮು ಇನ್ನೂ ಹಾಗೇ ಇದೆ. ಮೃತ್ಯುಪತ್ರ ಬರೆಯಲು ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಂಗ್ಲಿಷ್ ಬೇಕಿಲ್ಲ. ಬಿಳಿ ಹಾಳೆ, ನಿಮ್ಮ ಕನ್ನಡ, ನಿಮ್ಮ ಸಹಿ, ಇಬ್ಬರು ಸಾಕ್ಷಿ. ಸಾಕ್ಷಿಗಳು ಆಸ್ತಿ ಪಡೆಯುವವರಾಗಿರದಿದ್ದರೆ ಒಳ್ಳೆಯದು.

ಊರಿಗೆ ಮುಂದಿನ ಸಲ ಹೋದಾಗ ಮಾಡಬೇಕಾದ ಕೆಲಸವಿದು. ಮೊದಲು ಉತಾರ ತೆಗೆಸಿ, ಯಾರ ಹೆಸರಿದೆ ನೋಡಿ. ಸತ್ತವರ ಹೆಸರಿದ್ದರೆ ಮರಣದ ದಾಖಲೆ, ವಂಶವೃಕ್ಷ ಇಟ್ಟು ವಾರಸಾಕ್ಕೆ ಅರ್ಜಿ ಕೊಡಿ. ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ವರದಿ ಮಾಡಬೇಕು ಎನ್ನುತ್ತದೆ 1964ರ ಭೂಕಂದಾಯ ಕಾಯ್ದೆ. ತಡವಾದರೂ ಹಕ್ಕು ಸಾಯುವುದಿಲ್ಲ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಅಕ್ಕತಂಗಿಯರನ್ನೂ, ತೀರಿಹೋದ ಅಕ್ಕನ ಮಕ್ಕಳನ್ನೂ ಬರೆಸಿ. "ಅವರ ಹೆಸರು ಯಾಕ ಬೇಕ್ರಿ, ಸುಮ್ಮ ತೊಡಕು" ಎಂದು ಕಚೇರಿಯಲ್ಲಿ ಯಾರಾದರೂ ಅಂದರೆ, ಬ್ಯಾಂಕಿನ ಕೌಂಟರಿನಲ್ಲಿ ತೆಗೆಯುವ ಆ ಜಗಳವನ್ನು ಅಲ್ಲಿ ತೆಗೆಯಿರಿ.

ಆಗಲೇ ಸಹಿ ಮಾಡಿಬಿಟ್ಟ ಅಕ್ಕಂದಿರು ಗಾಬರಿಯಾಗಬೇಕಿಲ್ಲ. ಉತಾರದಲ್ಲಿ ಹೆಸರು ಏರಿದ ಮಾತ್ರಕ್ಕೆ ಒಡೆತನ ಬರುವುದಿಲ್ಲ, ಇಳಿದ ಮಾತ್ರಕ್ಕೆ ಹೋಗುವುದಿಲ್ಲ. ಅದು ಕಂದಾಯದ ಲೆಕ್ಕಕ್ಕಿರುವ ದಾಖಲೆ. ತಲಾಟಿಯ ಮುಂದೆ ತಕರಾರಿಲ್ಲ ಎಂದು ಬರೆದುಕೊಟ್ಟ ಕಾಗದದಿಂದಷ್ಟೇ ಪಾಲು ಮುಳುಗುವುದಿಲ್ಲ, ಪಾಲಿಗಾಗಿ ಸಿವಿಲ್ ಕೋರ್ಟಿಗೆ ಹೋಗಬಹುದು. ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಮಾತ್ರ ಬೇರೆ ಜಾತಿ. ಅದಕ್ಕೆ ಹೆಬ್ಬೆಟ್ಟು ಒತ್ತಿದರೆ ಹಿಂದಕ್ಕೆ ಪಡೆಯುವುದು ಬಹಳ ಕಷ್ಟ. ಆದ್ದರಿಂದ ಅಕ್ಕನನ್ನು ತಾಲೂಕು ಕಚೇರಿಗೆ ಕರೆದುಕೊಂಡು ಹೋಗುವ ತಮ್ಮ ಮೋಟಾರ್ ಸೈಕಲ್ ಹತ್ತುವ ಮುಂಚೆ ಮನೆಯ ಕಟ್ಟೆಯ ಮೇಲೆ ಕೂತು, ಆ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಲಿ. ಎಕರೆ ಎಷ್ಟು, ಇವತ್ತಿನ ದರ ಎಷ್ಟು, ಅವಳು ಬಿಟ್ಟುಕೊಡುತ್ತಿರುವುದು ಎಷ್ಟು, ಎಲ್ಲವನ್ನೂ ಅವಳ ಕನ್ನಡದಲ್ಲಿ. ಕೇಳಿದ ಮೇಲೆಯೂ ಅವಳು ಬಿಟ್ಟುಕೊಟ್ಟರೆ ಅದು ಅವಳ ದೊಡ್ಡತನ. ಬಿಡುವುದಿಲ್ಲ ಎಂದರೆ ಪಂಚಮಿಗೆ ಅವಳನ್ನು ಕರೆಯಲು ಎಂದಿನಂತೆ ಹೋಗಿ.